ಕ್ಲಚ್ ಪ್ಲೇಟಿಗೆ ಇಟ್ಟ ಕುಂಕುಮ

ಮೇಷ್ಟರ ಕೆಲಸದಲ್ಲಿ ಸಂಬಳಕ್ಕಿಂತ ದೊಡ್ಡ ಸುಖವೊಂದಿದೆ. ತಪ್ಪು ಮಾಡಿದವರು ಯಾರೆಂದು ಹುಡುಕುವ ಹಕ್ಕು ಯಾವಾಗಲೂ ನಮ್ಮದು. ನಮ್ಮನ್ನು ಯಾರೂ ಹುಡುಕುವುದಿಲ್ಲ. ನಾನು ಗುಂಡ್ಲುಪೇಟೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರು. ಪ್ರತಿ ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಸಾಲಿನ ನಡುವೆ ನಡೆದು ಮಕ್ಕಳ ಕೈ ನೋಡುತ್ತೇನೆ. ಉಗುರಿನ ಸಂದಿಯ ಮಣ್ಣು, ಬೆರಳಿನ ಶಾಯಿ, ಕದ್ದು ತಿಂದ ಹುಣಸೆಹಣ್ಣಿನ ಅಂಟು, ಯಾವುದೂ ನನ್ನ ಕಣ್ಣು ತಪ್ಪಿಸಿಕೊಂಡು ಹೋಗಲಾರದು. ಹೀಗೆ ಇಪ್ಪತ್ತು ವರ್ಷ ಬೇರೆಯವರ ಕೈ ನೋಡುತ್ತ ಬಂದವನಿಗೆ ತನ್ನ ಕೈ ನೋಡಿಕೊಳ್ಳುವ ಅಭ್ಯಾಸ ತಪ್ಪಿಹೋಗುತ್ತದೆ. ನನಗೆ ತಪ್ಪಿತು. ಅದರಿಂದ ಒಬ್ಬ ಒಳ್ಳೆಯ ಕೆಲಸಗಾರನ ಹೆಸರು ಕೆಟ್ಟಿತು. ಇದನ್ನು ನಗುನಗುತ್ತಲೇ ಹೇಳಿ ಮುಗಿಸಬೇಕೆಂದು ಕೂತಿದ್ದೇನೆ. ನಗು ಎಲ್ಲಿಯವರೆಗೆ ಜೊತೆಗೆ ಬರುತ್ತದೋ ನೋಡೋಣ.

ನಮ್ಮಣ್ಣ ಶಿವಣ್ಣ ಕುದೇರಿನಲ್ಲಿ ಬೇಸಾಯ ಮಾಡಿಕೊಂಡಿದ್ದಾನೆ. ಅವನಿಗೆ ಒಡಹುಟ್ಟಿದ ನನಗಿಂತ ಟ್ರ್ಯಾಕ್ಟರಿನ ಮೇಲೇ ಪ್ರೀತಿ ಹೆಚ್ಚು, ಏಕೆಂದರೆ ಅದು ಎದುರು ಮಾತಾಡುವುದಿಲ್ಲ. ಆ ಟ್ರ್ಯಾಕ್ಟರಿಗೆ ಎರಡು ಕ್ಲಚ್ಚು. ಪೆಡಲು ಒಂದೇ, ಅರ್ಧ ತುಳಿದರೆ ಗಾಡಿ ನಿಲ್ಲುತ್ತದೆ, ಪೂರ್ತಿ ತುಳಿದರೆ ಹಿಂದೆ ಒಕ್ಕಣೆ ಯಂತ್ರ ತಿರುಗಿಸುವ ದಂಡವೂ ನಿಲ್ಲುತ್ತದೆ. ಅದಕ್ಕಾಗಿ ಒಳಗೆ ಎರಡು ಪ್ಲೇಟುಗಳು. ಎರಡೂ ಸವೆದು ಕ್ಲಚ್ಚು ಪೂರ್ತಿ ಬಿಚ್ಚಿ ಕಟ್ಟಬೇಕಾಗಿ ಬಂದಾಗ ಅಣ್ಣ ಮೈಸೂರಿಗೆ ಒಯ್ಯುತ್ತೇನೆಂದು ಹೊರಟ. "ಮೈಸೂರು ಯಾಕೆ? ಚಾಮರಾಜನಗರದಲ್ಲಿ ಅನ್ವರ್ ಸಾಬರಿದ್ದಾರೆ" ಎಂದವನು ನಾನೇ. ನಾನು ಚಾಮರಾಜನಗರದಲ್ಲೇ ಮನೆ ಮಾಡಿಕೊಂಡು ದಿನವೂ ಬಸ್ಸಿನಲ್ಲಿ ಗುಂಡ್ಲುಪೇಟೆಗೆ ಹೋಗಿಬರುವವನು. ನನ್ನ ಸ್ಕೂಟರು ಹತ್ತು ವರ್ಷದಿಂದ ಬದುಕಿರುವುದು ಅನ್ವರ್ ಸಾಬರ ಕೈಗುಣದಿಂದ. ಸಂತೆಮರಹಳ್ಳಿ ರಸ್ತೆಯಲ್ಲಿ ಅವರದೊಂದು ತಗಡಿನ ಶೆಡ್ಡು. ಸುತ್ತಿನ ಹಳ್ಳಿಗಳ ಟ್ರ್ಯಾಕ್ಟರುಗಳೆಲ್ಲ ಅಲ್ಲೇ ಬಂದು ನಿಲ್ಲುತ್ತಿದ್ದವು.

ಅನ್ವರ್ ಸಾಬರ ಕೆಲಸದ ರೀತಿ ನೋಡುವಂಥದ್ದು. ಎಂಜಿನ್ನಿನೊಳಗೆ ಮೊಳಕೈವರೆಗೂ ಮುಳುಗುವ ಮನುಷ್ಯ, ಕ್ಲಚ್ ಪ್ಲೇಟು ಮುಟ್ಟುವ ಮೊದಲು ಮಾತ್ರ ಸೋಪು ಹಚ್ಚಿ ಎರಡು ಸಲ ಕೈ ತೊಳೆದು, ಮನೆಯಿಂದ ತಂದ ಒಗೆದ ಬಟ್ಟೆಯಲ್ಲಿ ಒರೆಸಿಕೊಳ್ಳುತ್ತಿದ್ದರು. "ಪ್ಲೇಟ್ ಅಂದ್ರೆ ಊಟದ ತಟ್ಟೆ ಇದ್ದಂಗೆ ಮೇಷ್ಟ್ರೇ, ಒಂದು ತೊಟ್ಟು ಎಣ್ಣೆ ಬೀಳಬಾರ್ದು" ಎಂದು ಅವರು ಹೇಳಿದ್ದರಂತೆ. ಹೇಳಿದ್ದರಂತೆ ಎನ್ನಲು ಕಾರಣ, ಆ ಹೊತ್ತಿಗೆ ನಾನು ಅವರಿಗೆ ಘರ್ಷಣೆಯ ನಿಯಮಗಳನ್ನು ವಿವರಿಸುತ್ತಿದ್ದೆ. ಒರಟು ಮೇಲ್ಮೈ ಎಂದರೇನು, ಎಣ್ಣೆ ಹಾಕಿದರೆ ಘರ್ಷಣೆ ಹೇಗೆ ಕಡಿಮೆಯಾಗುತ್ತದೆ, ಎಲ್ಲವನ್ನೂ ಉದಾಹರಣೆ ಸಮೇತ ಹೇಳುತ್ತಿದ್ದೆ. ಸಾಬರು ತಲೆಯಾಡಿಸುತ್ತ ಕೇಳಿಸಿಕೊಂಡರು. ಮೂವತ್ತು ವರ್ಷ ಕ್ಲಚ್ಚು ಕಟ್ಟಿದ ಮನುಷ್ಯನಿಗೆ ಕ್ಲಚ್ಚು ಹೇಗೆ ಹಿಡಿಯುತ್ತದೆಂದು ಪಾಠ ಹೇಳಿದ ಮೊದಲಿಗ ನಾನೇ ಇರಬೇಕು.

ಅಂದು ಶುಕ್ರವಾರ, ನನಗೆ ದಸರಾ ರಜೆ. ಮಧ್ಯಾಹ್ನ ಸಾಬರು ಹೊಸ ಪ್ಲೇಟುಗಳನ್ನು ಬಿಳಿ ಬಟ್ಟೆಯ ಮೇಲೆ ಮಲಗಿಸಿ ನಮಾಜಿಗೆ ಹೋದರು. ಅಣ್ಣ ಹೋಟೆಲಿಗೆ ಹೋದ, ನನ್ನನ್ನು ಕಾವಲಿಗೆ ಬಿಟ್ಟು. ಹೋಗುವಾಗ ಒಂದು ಪೊಟ್ಟಣ ಕೈಗಿತ್ತ. "ನಿಮ್ಮತ್ಗೆ ಕೊಟ್ಟವ್ಳೆ ಕಣ್ಲಾ. ಒಸ ಸಾಮಾನ್ಗೆ ಪೂಜೆ ಮಾಡ್ದೆ ಒಳೀಕೆ ಆಕ್ಬೇಡಿ ಅಂದವ್ಳೆ. ನಾ ಬರೋದ್ರೊಳ್ಗೆ ಮುಗ್ಸ್‌ಬುಡು." ಪೊಟ್ಟಣದಲ್ಲಿ ಕುಂಕುಮ, ಊದಿನಕಡ್ಡಿ, ದೀಪಕ್ಕೆಂದು ಟಾನಿಕ್ಕಿನ ಸಣ್ಣ ಬಾಟಲಿಯಲ್ಲಿ ಹರಳೆಣ್ಣೆ. ಸಾಬರೇನೂ ಪೂಜೆಗೆ ಅಡ್ಡ ಬಂದವರಲ್ಲ. ಕೆಲಸ ಮುಗಿದ ಮೇಲೆ ಬಾನೆಟ್ಟಿಗೆ ಪೂಜೆಯೆಂದರೆ ನಿಂಬೆಹಣ್ಣು ಅವರೇ ತರಿಸುತ್ತಿದ್ದರು. ಆದರೆ ನಮ್ಮತ್ತಿಗೆಯ ಭಕ್ತಿ ಬಾನೆಟ್ಟಿನ ಹೊರಗೆ ನಿಲ್ಲುವಂಥದ್ದಲ್ಲ.

ತರಗತಿಯಲ್ಲಿ ಮೂಢನಂಬಿಕೆಯ ಮೇಲೆ ಮುಕ್ಕಾಲು ಗಂಟೆ ಉಪನ್ಯಾಸ ಮಾಡಬಲ್ಲ ನಾನು ಅತ್ತಿಗೆಯ ಮಾತು ಮೀರುವ ಧೈರ್ಯವಿಲ್ಲದೆ ಕುಂಕುಮ ಕೈಗೆ ತೆಗೆದುಕೊಂಡೆ. ಒಣ ಕುಂಕುಮ ಪ್ಲೇಟಿಗೆ ಅಂಟದೆ ಉದುರಿತು. ಹೊಸ್ತಿಲಿಗೆ ಹಚ್ಚುವಾಗ ಎಣ್ಣೆಯಲ್ಲಿ ಕಲಸುವುದು ನೆನಪಾಗಿ ಹರಳೆಣ್ಣೆ ಸುರಿದು ಕಲಸಿದೆ. ಎರಡು ಪ್ಲೇಟಿನ ನಾಲ್ಕು ಮುಖಕ್ಕೂ, ದೇವರಿಗೆ ಯಾವ ದಿಕ್ಕೂ ಕಡಿಮೆಯಾಗದಂತೆ ಧಾರಾಳವಾಗಿ ಬೊಟ್ಟಿಟ್ಟೆ. ಇಟ್ಟ ಮೇಲೆ ನಾಚಿಕೆಯಾಯಿತು. ಈಗತಾನೆ ಘರ್ಷಣೆ ಪಾಠ ಹೇಳಿದ ಮೇಷ್ಟರು ಎಂದು ಸಾಬರು ಮನಸ್ಸಿನಲ್ಲೇ ನಕ್ಕರೆ? ಅಲ್ಲೇ ಬಿದ್ದಿದ್ದ ಬನಿಯನ್ ಚಿಂದಿಯಿಂದ ನಾಲ್ಕೂ ಮುಖ ಚೆನ್ನಾಗಿ ಒರೆಸಿದೆ. ಕುಂಕುಮದ ಬಣ್ಣ ಪ್ಲೇಟಿನ ಕಂದು ಬಣ್ಣದಲ್ಲಿ ಕಾಣದಾಯಿತು. ಎಣ್ಣೆ ಪ್ಲೇಟಿನೊಳಗೆ ಇಳಿಯಿತು. ಆ ಕ್ಷಣದಲ್ಲಿ ನನಗೆ ಹೊಳೆದದ್ದು ಒಂದೇ, ಸದ್ಯ ಮಾನ ಉಳಿಯಿತು ಎಂದು.

ಸಾಬರು ಬಂದು ಕೈ ತೊಳೆದು ಆ ಪ್ಲೇಟುಗಳನ್ನೇ ಕೂರಿಸಿ ಗಾಡಿ ಕಳಿಸಿದ ಹತ್ತು ದಿನಕ್ಕೆ ಅಣ್ಣನ ಫೋನು ಬಂತು. ಹೊಸದಾಗಿ ಮೊಬೈಲು ಕೊಂಡಿದ್ದ ಅವನು ಕುದೇರಿನಿಂದ ನಗರಕ್ಕೆ ಫೋನಿಲ್ಲದೆಯೂ ಕೇಳುವಷ್ಟು ಜೋರಾಗಿ ಕೂಗುತ್ತಿದ್ದ. "ಟ್ರೇಲರ್‌ಗೆ ಜೋಳ ತುಂಬ್ಕೊಂಡು ದಿಣ್ಣೆ ಅತ್ತುಸ್ತಿದ್ರೆ ಇಂಜಿನ್ನು ಬಾಯ್ ಬಡ್ಕೊತದೆ, ಗಾಡಿ ಮಾತ್ರ ಅಲ್ಲಾಡಾಕಿಲ್ಲ ಕಣ್ಲಾ! ಏನ್ ಮಾಡ್ಬುಟ್ಟವ್ನೆ ನಿಮ್ ಸಾಬು?" ಮರುದಿನ ಅನ್ವರ್ ಸಾಬರು ಸ್ಪ್ಯಾನರಿನ ಚೀಲ ಹೊತ್ತು ಬಸ್ಸಿನಲ್ಲಿ ಕುದೇರಿಗೆ ಬಂದರು. ನಾನೂ ಜೊತೆಗಿದ್ದೆ. ಪೆಡಲು ತುಳಿದು ತುಳಿದು ನೋಡಿದರು, ಸಡಿಲ ಎಷ್ಟಿದೆಯೆಂದು ಅಳೆದರು, ಒಂದು ಸುತ್ತು ಬಿಗಿ ಮಾಡಿದರು, ಎರಡು ಸುತ್ತು ಸಡಿಲಿಸಿದರು. ಗಾಡಿ ಜಾರುವುದು ಜಾರುತ್ತಲೇ ಇತ್ತು. ಸಾಬರ ಹಣೆಯಲ್ಲಿ ಬೆವರು. "ನನ್ ಕೆಲಸ ಇದುವರ್ಗೂ ಹಿಂಗೆ ವಾಪಸ್ ಬಂದಿಲ್ಲ ಮೇಷ್ಟ್ರೇ" ಎಂದು ನನಗಷ್ಟೇ ಕೇಳುವಂತೆ ಹೇಳಿದರು. ಕೊನೆಗೆ ಅಂಗಳದಲ್ಲೇ ಮರದ ದಿಮ್ಮಿ ಆಸರೆ ಕೊಟ್ಟು, ನಡುವಿನ ಬೋಲ್ಟು ಬಿಚ್ಚಿ ಟ್ರ್ಯಾಕ್ಟರನ್ನು ಎರಡು ಹೋಳು ಮಾಡಿ ಪ್ಲೇಟು ಹೊರಗೆ ತೆಗೆದರು.

ಪ್ಲೇಟಿನ ಮೇಲೆ ರಿವೆಟ್ಟು ಹೊಡೆದಿರುವ ಸಣ್ಣ ಸಣ್ಣ ಗುಳಿಗಳಿರುತ್ತವೆ. ಚಿಂದಿ ಅಲ್ಲಿಗೆ ತಲುಪಿರಲಿಲ್ಲ. ಸಾಬರು ಒಂದು ಗುಳಿಯಿಂದ ಉಗುರಿನಲ್ಲಿ ಏನನ್ನೋ ಕೆರೆದರು. ಕೆಂಪಗಿತ್ತು. ಮೂಗಿನ ಹತ್ತಿರ ಹಿಡಿದರು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದರು. ನನಗೆ ಆಗಲೇ ಎಲ್ಲ ಅರ್ಥವಾಯಿತು. ಅಣ್ಣ ಅಷ್ಟು ಹೊತ್ತಿಗೆ ಬೈಗುಳ ಶುರುಮಾಡಿದ್ದ. "ಕೆಲ್ಸ ಬರ್ದಿದ್ರೆ ಬರಾಕಿಲ್ಲ ಅನ್ಬೇಕು, ಊರೋರ್ ಮುಂದೆ ಮಾನ ಕಳೆದ್ರಿ" ಎಂದ. ಸಾಬರು ಉಗುರನ್ನು ಪ್ಯಾಂಟಿಗೆ ಒರೆಸಿಕೊಂಡು, "ನನ್ ಕೈಯಲ್ಲೇ ಏನೋ ತಪ್ಪಾಗಿರ್ಬೇಕು ಶಿವಣ್ಣೋರೇ. ಬೇರೆ ಪ್ಲೇಟ್ ನಾನೇ ತಂದು ಹಾಕ್ಕೊಡ್ತೀನಿ" ಎಂದರು. ನಾನು ಬಾಯಿ ತೆರೆಯಬೇಕಾಗಿದ್ದ ಗಳಿಗೆ ಅದು. ಅತ್ತಿಗೆ ಕಾಫಿ ತಂದರು. ನಾನು ಕಾಫಿಗೆ ಬಾಯಿ ತೆರೆದೆ.

ಹೊಸ ಪ್ಲೇಟು ಹಾಕಿದ ಮೇಲೆ ಗಾಡಿ ಗಟ್ಟಿಯಾಗಿ ಎಳೆಯಿತು. ಆದರೆ ಅಣ್ಣನ ಬಾಯಿಗೆ ಕ್ಲಚ್ಚಿಲ್ಲ. ಸಂತೆಮರಹಳ್ಳಿ ಸಂತೆಯಲ್ಲಿ ಸಿಕ್ಕಸಿಕ್ಕವರಿಗೆ ಅನ್ವರ್ ಸಾಬರ ಕೆಲಸದ ಕಥೆ ಹೇಳಿದ. ಎರಡು ತಿಂಗಳಲ್ಲಿ ಶೆಡ್ಡಿನ ಮುಂದೆ ಟ್ರ್ಯಾಕ್ಟರುಗಳು ಕಡಿಮೆಯಾದವು. ನನ್ನ ಬಸ್ಸು ಆ ದಾರಿಯಲ್ಲಿ ಹೋಗುವುದಿಲ್ಲ, ಆದರೂ ಸಂಜೆ ಏನೋ ನೆಪ ಮಾಡಿಕೊಂಡು ಆ ಕಡೆ ಹೋಗಿ ದೂರದಿಂದ ಎಣಿಸುತ್ತಿದ್ದೆ. ಒಂದು ದಿನ ಮೂರು, ಒಂದು ದಿನ ಒಂದು. ಒಂದು ಸಂಜೆ ಸಾಬರು ಖಾಲಿ ಶೆಡ್ಡಿನಲ್ಲಿ ಸ್ಟೂಲಿನ ಮೇಲೆ ಕೂತು ಸ್ಪ್ಯಾನರುಗಳನ್ನು ಒಂದೊಂದಾಗಿ ಒರೆಸುತ್ತಿದ್ದುದು ಕಂಡಿತು. ಅವು ಮೊದಲೇ ಹೊಳೆಯುತ್ತಿದ್ದವು. ಅಂದು ತಡೆಯಲಾಗದೆ ಒಳಗೆ ಹೋಗಿ ಎಲ್ಲ ಹೇಳಿ, ಪ್ಲೇಟಿನ ದುಡ್ಡು ಮುಂದಿಟ್ಟು, "ನಿಮಗೆ ಅವತ್ತೇ ಗೊತ್ತಾಗಿತ್ತಲ್ಲ, ಯಾಕೆ ಹೇಳಲಿಲ್ಲ?" ಎಂದು ಕೇಳಿದೆ. ತಪ್ಪು ಮಾಡಿದವನೂ ನಾನೇ, ಪ್ರಶ್ನೆ ಕೇಳಿದವನೂ ನಾನೇ. ಮೇಷ್ಟರ ಚಾಳಿ!

"ಹೆಂಗೆ ಹೇಳ್ಲಿ ಮೇಷ್ಟ್ರೇ?" ಎಂದರು ಸಾಬರು. "ನೀವು ದೇವ್ರಿಗಿಟ್ಟ ಕುಂಕುಮದಿಂದ ಗಾಡಿ ಕೆಟ್ಟೋಯ್ತು ಅಂತ ನಾನು, ಅನ್ವರು, ನಿಮ್ಮಣ್ಣೋರ ಅಂಗಳದಲ್ಲಿ ನಿಂತ್ಕೊಂಡು ಹೇಳಕ್ಕಾಗುತ್ತಾ? ಆ ಮಾತು ನೀವು ಹೇಳೋದಾಗಿತ್ತು. ನಾನು ಕಾಯ್ತಿದ್ದೆ." ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಮುಂದಿನ ಭಾನುವಾರವೇ ಕುದೇರಿಗೆ ಹೋಗಿ ಅಣ್ಣ ಅತ್ತಿಗೆಯರ ಮುಂದೆ, ಜಗಲಿಯಲ್ಲಿ ಕೂತಿದ್ದ ನಾಲ್ಕು ಜನರ ಎದುರಿಗೇ ತಪ್ಪೊಪ್ಪಿಕೊಂಡೆ. ಅಂಗೈಗೆ ಹರಳೆಣ್ಣೆ ಹಚ್ಚಿ ಉಜ್ಜಿ ತೋರಿಸಿ ಜಾರುವುದು ಹೇಗೆಂದು ವಿವರಿಸಿದೆ. ಅಣ್ಣ ಒಂಬತ್ತನೇ ತರಗತಿಯ ಹುಡುಗರಂತೆ ಆಕಳಿಸಿದ. ಅತ್ತಿಗೆ ನನ್ನನ್ನು ಸಮಾಧಾನಪಡಿಸುತ್ತ, "ಬುಡು ಮಾದೇವ, ಕುಂಕ್ಮ ಇಟ್ರೆ ಎಲ್ಲಾದ್ರೂ ಗಾಡಿ ಕೆಡ್ತದಾ? ಒಳ್ಳೇದಾಗ್ಲಿ ಅಂತ ಇಡೋದು" ಎಂದರು. ಅಣ್ಣ ಜಗಲಿಯವರ ಕಡೆ ತಿರುಗಿ ಹೆಮ್ಮೆಯಿಂದ ಹೇಳಿದ: "ನೋಡ್ರಲಾ, ಆ ಸಾಬು ಮಾಡಿದ್ ತಪ್ಪ ತನ್ ತಲೆ ಮ್ಯಾಕ್ ಆಕ್ಕೊತಾವ್ನೆ. ನನ್ ತಮ್ಮಂದು ಸಣ್ಣ ಮನ್ಸಲ್ಲ ಕಣ್ರಲಾ!" ಎಷ್ಟು ಬಡಿದುಕೊಂಡರೂ ಅವರು ನಂಬಲಿಲ್ಲ. ಮುಂದಿನ ಸಂತೆಯಲ್ಲಿ ಅಣ್ಣ ಆ ಕಥೆಗೆ ನನ್ನ ದೊಡ್ಡತನವನ್ನೂ ಸೇರಿಸಿ ಹೇಳಿದನಂತೆ. ಎರಡು ತಿಂಗಳು ತಡವಾಗಿ ಬಂದ ಸತ್ಯದಿಂದ ನನಗೆ ಇನ್ನಷ್ಟು ಒಳ್ಳೆಯ ಹೆಸರು ಬಂತು, ಸಾಬರಿಗೆ ಬರಬೇಕಾದ ಟ್ರ್ಯಾಕ್ಟರುಗಳು ಬರಲಿಲ್ಲ. ಅವರು ಈಗ ಹೆಚ್ಚಾಗಿ ಸ್ಕೂಟರು, ಮೋಟರ್ ಸೈಕಲ್ ರಿಪೇರಿ ಮಾಡುತ್ತಾರೆ.

ನಾನು ಈಗಲೂ ಶೆಡ್ಡಿಗೆ ಹೋಗುತ್ತೇನೆ. ಸ್ಕೂಟರಿನಲ್ಲಿ ತೊಂದರೆ ಇಲ್ಲದಿದ್ದರೆ ಒಂದು ತೊಂದರೆ ಕಲ್ಪಿಸಿಕೊಂಡಾದರೂ ಹೋಗುತ್ತೇನೆ. ಸಾಬರು ಟೀ ತರಿಸುತ್ತಾರೆ, ಸ್ಟೂಲು ಒರೆಸಿ ಕೊಡುತ್ತಾರೆ, ಘರ್ಷಣೆಯ ವಿಷಯ ಇಬ್ಬರೂ ಎತ್ತುವುದಿಲ್ಲ. ಬಟ್ಟೆಯ ಮೇಲೆ ಯಾರದಾದರೂ ಕ್ಲಚ್ ಪ್ಲೇಟು ಇದ್ದ ದಿನ ಮಾತ್ರ ಬಾಗಿಲಲ್ಲೇ ನನ್ನನ್ನು ತಡೆದು, "ಮೇಷ್ಟ್ರೇ, ಮೊದ್ಲು ಕೈ ತೋರ್ಸಿ" ಎನ್ನುತ್ತಾರೆ. ನಾನು ಸೋಮವಾರದ ಮಕ್ಕಳಂತೆ ಎರಡೂ ಕೈ ಚಾಚಿ ನಿಲ್ಲುತ್ತೇನೆ. ಅವರು ನನ್ನ ಹಾಗೆ ಅವಸರ ಮಾಡುವುದಿಲ್ಲ. ಬೆರಳು ಬೆರಳನ್ನೂ ನೋಡಿ, ಮಗುಚಿ ನೋಡಿ, ಆಮೇಲೆ ಒಳಗೆ ಬಿಡುತ್ತಾರೆ.