ಬೆಂಕಿ ಮೇಲಕ್ಕೆ, ನೀರು ಕೆಳಕ್ಕೆ

ಅಪಾರ್ಟ್‌ಮೆಂಟಿನ ಸೆಕ್ರೆಟರಿಯಾಗಲು ವಿದ್ಯೆ, ಅನುಭವ ಯಾವುದೂ ಬೇಡ. ಆಯ್ಕೆಯ ದಿನ ಸಭೆಗೆ ಹೋಗದಿದ್ದರೆ ಸಾಕು. ಉರ್ವದಲ್ಲಿ ನಾದಿನಿಯ ಮೊಮ್ಮಗುವಿನ ನಾಮಕರಣ ಮುಗಿಸಿ, ಲಾಡಿನ ಪೊಟ್ಟಣ ಹಿಡಿದುಕೊಂಡು ಜೆಪ್ಪುವಿನ ನಮ್ಮ ಹಳೆಯ ಕಟ್ಟಡಕ್ಕೆ ಮರಳಿದಾಗ ಗೇಟಿನಲ್ಲೇ ಎಲ್ಲರೂ ನನಗೆ ಕೈ ಮುಗಿದರು. ಲಾಡಿಗಾಗಿ ಎಂದುಕೊಂಡೆ. ಅಂದಿನಿಂದ ಲಿಫ್ಟ್ ನಿಂತರೂ ನಾನು, ಟ್ಯಾಂಕ್ ತುಂಬಿ ಹರಿದರೂ ನಾನು, ನೀರಿನ ಸಂಪಿನೊಳಗೆ ಬೆಕ್ಕು ಬಿದ್ದರೂ ನಾನು. ಇದನ್ನೆಲ್ಲ ಹೇಗೋ ನಿಭಾಯಿಸಿದೆ. ನನ್ನನ್ನು ಸೋಲಿಸಿದ್ದು ಸ್ಪ್ರಿಂಕ್ಲರ್, ಅಂದರೆ ಬೆಂಕಿ ಬಿದ್ದರೆ ಮನೆಯ ಚಾವಣಿಯಿಂದ ತಾನಾಗಿಯೇ ನೀರು ಚಿಮ್ಮಿಸುವ ನಲ್ಲಿ.

ಅದನ್ನು ಹಾಕಿಸುವ ಬಗ್ಗೆ ಒಂದು ಭಾನುವಾರ ಸಂಜೆ ಅಂಗಳದಲ್ಲಿ, ಕಾರು ನಿಲ್ಲಿಸುವ ಜಾಗದಲ್ಲೇ ಸಭೆ. ಕಂಟ್ರಾಕ್ಟರ್ ಬಂದು ವಿವರಿಸಿದರು: ಕಟ್ಟಡ ಹಳೆಯದು, ಎಲ್ಲ ಮನೆಗಳಿಗೂ ಹೊಸ ಪೈಪು ಎಳೆಯಬೇಕು, ಬೇರೆಯೇ ಪಂಪು, ಬೇರೆಯೇ ಟ್ಯಾಂಕು. ತಲಾ ಖರ್ಚೆಷ್ಟು ಎಂದು ಅವರು ಹೇಳಿದ್ದೇ ತಡ, ಪ್ಲಾಸ್ಟಿಕ್ ಕುರ್ಚಿಗಳೆಲ್ಲ ಒಮ್ಮೆಲೇ ಕಿರ್ರೆಂದವು.

ಮೊದಲು ಎದ್ದವರು ಕೆಳಗಿನ ಮನೆಯ ಸಂಜೀವಣ್ಣ. ಹಾರ್ಡ್‌ವೇರ್ ಅಂಗಡಿಯವರು, ಚೌಕಾಸಿ ಅವರ ರಕ್ತದಲ್ಲೇ ಇದೆ. "ಬೆಂಕಿ ಹೋಗುವುದು ಮೇಲೆ ಅಲ್ವಾ ಮಾರಾಯ್ರೇ? ನಾನು ಇರುವುದು ಕೆಳಗೆ. ನನಗೆ ಎಂತಕ್ಕೆ ಸ್ಪ್ರಿಂಕ್ಲರ್?"

ಮೇಲಿನ ಮಹಡಿಯ ಸಿಸಿಲಿಯಾ ಟೀಚರ್ ನಿವೃತ್ತರಾದರೂ ಲೆಕ್ಕ ಬಿಟ್ಟವರಲ್ಲ. "ನೀರು ಬರುವುದು ಕೆಳಗೆ ಅಲ್ವಾ? ಹಾಗಾದ್ರೆ ನೀರಿನ ಖರ್ಚು ಪೂರ್ತಿ ನೀವೇ ಕೊಡಿ."

ನಮ್ಮದು ಇಬ್ಬರ ನಡುವಿನ ಎರಡನೇ ಮಹಡಿ. ಈ ತರ್ಕದ ಪ್ರಕಾರ ಬೆಂಕಿಗೂ ನೀರಿಗೂ ಎರಡೂ ಕಡೆ ತೆರಬೇಕಾದವಳು ನಾನೇ! ಗಾಬರಿಯಲ್ಲಿ ಎದ್ದು ಒಂದು ಭಾಷಣವನ್ನೇ ಬಿಗಿದೆ. "ನೋಡಿ, ಬೆಂಕಿ ಬೀಳುವುದು ಅಜಾಗ್ರತೆಯವರ ಮನೆಗೆ. ನಮ್ಮಲ್ಲಿ ಅಂಥವರು ಯಾರಿದ್ದಾರೆ? ಸ್ವಲ್ಪ ಜಾಗ್ರತೆ ಇದ್ದರೆ ಒಂದು ರೂಪಾಯಿ ಖರ್ಚಿಲ್ಲ." ಚಪ್ಪಾಳೆ! ಸೆಕ್ರೆಟರಿಯಾದ ಮೇಲೆ ನನಗೆ ಸಿಕ್ಕಿದ ಮೊದಲ ಚಪ್ಪಾಳೆ. ಅದನ್ನು ಸವಿಯುತ್ತಿದ್ದಾಗಲೇ ಟೀಚರ್ ಮೇಲಕ್ಕೆ ಕೈ ತೋರಿಸಿ ಕೇಳಿದರು, "ಅಲ್ಲಿ ಹೊಗೆ ಎಂತದು?"

ಹೊಗೆ ಬರುತ್ತಿದ್ದದ್ದು ನಮ್ಮ ಅಡುಗೆಮನೆಯ ಕಿಟಕಿಯಿಂದ.

ಬಸಳೆ ಪದಾರ್ಥವನ್ನು ಸಣ್ಣ ಉರಿಯಲ್ಲಿಟ್ಟು ಬಂದದ್ದು ಆಗ ನೆನಪಾಯಿತು. ಹತ್ತಿರದ ನದಿಯ ಕಡೆಯಿಂದ ಬೀಸುವ ಗಾಳಿ ಕಿಟಕಿಯ ಪರದೆಯನ್ನು ಒಲೆಯ ಮೇಲೆ ತಂದಿರಬೇಕು. ಒಳಗೆ ಎಂಬತ್ತು ದಾಟಿದ ಅತ್ತೆ ಮಲಗಿದ್ದಾರೆ! ನಾನು ಕುರ್ಚಿಗಳನ್ನು ತಳ್ಳಿಕೊಂಡು ಮೆಟ್ಟಿಲ ಕಡೆಗೆ ಓಡಿದೆ. ಮಂಡಿನೋವೆಂದು ಎರಡು ಮೆಟ್ಟಿಲಿಗೂ ಲಿಫ್ಟ್ ಕೇಳುವ ಸಂಜೀವಣ್ಣ, ಕಾರು ತೊಳೆಯುವ ಬಕೆಟ್ಟನ್ನು ನೀರಿನ ಸಮೇತ ಎತ್ತಿಕೊಂಡು ಮೆಟ್ಟಿಲು ಹಾರಿದರು. ಅವರ ಹಿಂದೆ ಟೀಚರ್.

ನಾನು ಏದುಸಿರು ಬಿಡುತ್ತ ತಲುಪುವಷ್ಟರಲ್ಲಿ ಟೀಚರ್ ಗ್ಯಾಸ್ ಆರಿಸಿಯಾಗಿತ್ತು, ಪರದೆ ಕರಕಲಾಗಿ ನೀರಿನಲ್ಲಿ ತೇಲುತ್ತಿತ್ತು. ಹೊಗೆಯ ನಡುವಿನಿಂದ ಸಂಜೀವಣ್ಣ ಅತ್ತೆಯನ್ನು ಎತ್ತಿಕೊಂಡು ಹೊರಬಂದರು. ನಿದ್ದೆಯಿಂದ ಎದ್ದ ಅತ್ತೆಗೆ ಬೆಂಕಿಯ ಸುದ್ದಿ ಗೊತ್ತಿಲ್ಲ. ಗೊತ್ತಿದ್ದದ್ದು ಯಾರೋ ತನ್ನನ್ನು ಹೊತ್ತೊಯ್ಯುತ್ತಿದ್ದಾರೆ ಎಂಬುದಷ್ಟೇ. "ಏರ್ ಈ? ಬುಡು ಎನನ್!" ಯಾರು ನೀನು, ಬಿಡು ನನ್ನನ್ನು ಎಂದು ತುಳುವಿನಲ್ಲಿ ಕೂಗುತ್ತ, ಕೈಯಲ್ಲಿದ್ದ ಬೀಸಣಿಗೆಯಿಂದ ಅವರ ಬೋಳುತಲೆಗೆ ತಾಳ ಹಾಕುತ್ತಿದ್ದರು.

"ನಾನು ಸಂಜೀವ ಅಮ್ಮಾ, ಕೆಳಗಿನ ಮನೆಯ ಸಂಜೀವ!"

"ಕೆಳಗಿನ ಮನೆಯವನಿಗೆ ಮೇಲೆ ಎಂತ ಕೆಲಸ?" ಮತ್ತೊಂದು ಪೆಟ್ಟು.

ನಾನು ಅತ್ತೆಯನ್ನು ತಬ್ಬಿಕೊಂಡು ಅಳತೊಡಗಿದೆ, ಅಳುತ್ತಲೇ ನಕ್ಕೆ. ಎರಡನ್ನೂ ಒಟ್ಟಿಗೆ ಮಾಡಲು ಬರುತ್ತದೆಂದು ಅಂದೇ ಗೊತ್ತಾದದ್ದು.

ಸಭೆ ಮತ್ತೆ ಸೇರಿತು. ಈ ಸಲ ಅತ್ತೆಗೂ ಒಂದು ಕುರ್ಚಿ. ಖರ್ಚು ಜಾಸ್ತಿ ಎಂದು ಯಾರೂ ಸೊಲ್ಲೆತ್ತಲಿಲ್ಲ. ಒದ್ದೆ ಅಂಗಿಯ ಸಂಜೀವಣ್ಣ ತಲೆ ಸವರಿಕೊಂಡು ಎದ್ದರು. "ಸ್ಪ್ರಿಂಕ್ಲರ್ ಬೇಕೇ ಬೇಕು. ಆದ್ರೆ ಖರ್ಚು ಉಳಿಸ್ಲಿಕ್ಕೆ ಒಂದು ದಾರಿ ಉಂಟು. ಎಲ್ಲರ ಮನೆಗೆ ಎಂತಕ್ಕೆ? ಸೆಕ್ರೆಟರಿ ಮನೆಗೆ ಮಾತ್ರ ಹಾಕಿದ್ರೆ ಸಾಕಲ್ವಾ?"

ಕಂಟ್ರಾಕ್ಟರ್ ಕೂಡ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೊನೆಗೆ ಇಡೀ ಕಟ್ಟಡಕ್ಕೆ, ಕಂತುಗಳಲ್ಲಿ, ಎಂದು ತೀರ್ಮಾನವಾಯಿತು. ನಿರ್ಣಯವನ್ನು ಸೆಕ್ರೆಟರಿಯೇ ಎದ್ದು ನಿಂತು ಓದಬೇಕೆಂಬುದು ನಿಯಮ. ಓದಿದೆ: "ಅಪಾಯ ಹೆಚ್ಚಿರುವ ಮನೆಯಿಂದ ಕೆಲಸ ಆರಂಭಿಸತಕ್ಕದ್ದು." ಒಪ್ಪಿಗೆಯಿದ್ದವರು ಕೈ ಎತ್ತಿ ಎಂದೆ. ಎಲ್ಲರಿಗಿಂತ ಮೊದಲು, ಬೀಸಣಿಗೆಯ ಸಮೇತ, ಅತ್ತೆಯ ಕೈ ಮೇಲೆದ್ದಿತು.