ಅಜ್ಜಿ ಕಲಿಸಿದ ಬೀಗ

ಎಲ್ಲಕ್ಕೂ ಮೂಲ ಗೂಬೆಯ ಚಪ್ಪಲಿ. ಗೂಬೆ ಎಂದರೆ ಪ್ರಯೋಗಾಲಯದ ಕೊನೆಯ ಕೋಣೆಯಲ್ಲಿ ದೀಪ ಆರಿಸಿಕೊಂಡು ಕೂರುವ ಸಂಶೋಧಕ; ಹೆಸರಿಟ್ಟವರು ಸಹೋದ್ಯೋಗಿಗಳು. ಎಂಟು ದಿನದ ಹಿಂದೆ ಚಪ್ಪಲಿಯ ಉಂಗುಷ್ಟ ಕಿತ್ತುಬಂದಾಗ ಕೈಗೆ ಸಿಕ್ಕ ಕಪ್ಪು ಟೇಪು ಸುತ್ತಿದ್ದ. ಅದು ಪ್ರಯೋಗದ ಪೆಟ್ಟಿಗೆಯೊಳಗೆ ಬೆಳಕು ನುಗ್ಗದಂತೆ ಕಿಂಡಿಗೆ ಅಂಟಿಸಬೇಕಾದ ಟೇಪು ಎಂಬುದು ಮರೆತೇಹೋಗಿತ್ತು.

ಪೆಟ್ಟಿಗೆಯ ಬೀಗವೇ ಒಂದು ಮೆಮ್ರಿಸ್ಟರ್ ಚಿಪ್. ಬೆಳಕು ಮಿಣುಕುವ ಲಯವನ್ನು ಅದು ಮಿದುಳಿನಂತೆ ಕಲಿಯುತ್ತದೆ. ಮತ್ತೆ ಮತ್ತೆ ಕಂಡದ್ದು ಗಟ್ಟಿಯಾಗುತ್ತದೆ, ಉಳಿದದ್ದು ಮಾಸುತ್ತದೆ. ಗೂಬೆ ತನ್ನ ಟಾರ್ಚಿನ ಗುಟ್ಟಿನ ಲಯ ಕಲಿಸಿ, ನೆನಪು ಉಳಿಯುತ್ತದೆಯೇ ಎಂದು ನೋಡಲು ಎಂಟು ದಿನ ಕತ್ತಲಲ್ಲಿಟ್ಟಿದ್ದ. ಇವತ್ತು ಸಮಿತಿಯ ಮುಂದೆ ಅದು ತೆರೆಯಬೇಕು. ಇಲ್ಲದಿದ್ದರೆ ಕೆಲಸ ನಿಲ್ಲಿಸಿ, ಕೋಣೆಯನ್ನು ಮುರಿದ ಕುರ್ಚಿಗಳಿಗೆ ಬಿಟ್ಟುಕೊಡುತ್ತಾರೆ. ಇವತ್ತು ಬೆಳಗ್ಗೆಯಷ್ಟೇ ಬೀಗಕ್ಕೆ ತಂತಿ ಜೋಡಿಸಿದವನು, ಧೈರ್ಯಕ್ಕೆ ಸಾಕ್ಷಿಯಾಗಿ ಮನೆಯ ಬೀಗದ ಕೈಯನ್ನೇ ಒಳಗಿಟ್ಟ. ಇನ್ನೊಂದು ಕೈ ತವರಿಗೆ ಹೋದ ಹೆಂಡತಿಯ ಹತ್ತಿರವಿತ್ತು.

ಸಮಿತಿ ಬಂತು, ನೋಡಲು ಸಹೋದ್ಯೋಗಿಗಳೂ ನೆರೆದರು. ದೀಪ ಆರಿಸಿ ಟಾರ್ಚ್ ಮಿಣುಕಿಸಿದ. ಪೆಟ್ಟಿಗೆ ಮುನಿಸಿಕೊಂಡ ಬೀಗರಂತೆ ಬಾಯಿ ಬಿಡಲಿಲ್ಲ. ಪಕ್ಕದ ಮೇಜಿನವನು ಸೆಲ್ ಬದಲಾಯಿಸಿದ. ಗ್ರಂಥಾಲಯದ ಮೇಡಂ ಸೆರಗಿನಿಂದ ಟಾರ್ಚಿನ ಗಾಜು ಒರೆಸಿದರು. ನಿರ್ದೇಶಕರು ಟಾರ್ಚ್ ಕಿತ್ತುಕೊಂಡು ತಾವೇ ಮಿಣುಕಿಸಿ, ಕೊನೆಗೆ ಪೆಟ್ಟಿಗೆಗೊಂದು ಗುದ್ದಿದರು.

ಆ ಕತ್ತಲೆಗೆ, ಬಾಗಿಲ ಸಂದಿಯಿಂದ ಗುಡಿಸುವ ಅಜ್ಜಿಯ ಕೈಯೊಂದು ಬಂತು. ಗೋಡೆಯ ದೀಪ ಎರಡು ಸಲ ಮಿಣುಕಿ ಆರಿತು.

ಟಕ್. ಮುಚ್ಚಳ ತೆರೆಯಿತು.

"ಏನಜ್ಜಿ ಮಾಡಿದ್ರಿ?" ಗೂಬೆ ಬಾಗಿಲಿಗೆ ಓಡಿದ.

"ದಿನಾ ಬೆಳಗ್ಗೆ ಮಾಡೋದೇ, ಮಗಾ. ಇವತ್ತು ಬಸ್ಸು ತಡ ಆಯ್ತು. ನೀನು ಕುರ್ಚೀಲೇ ನಿದ್ದೆ ಹೋಗಿರ್ತೀಯ. ಎರಡು ಸಲ ಮಿಣುಕಿಸಿ ನೋಡ್ತೀನಿ. ಅಲ್ಲಾಡಲಿಲ್ಲ ಅಂದ್ರೆ, ಪಾಪ, ಕತ್ತಲಲ್ಲೇ ಗುಡಿಸಿ ಹೋಗ್ತೀನಿ."

ಗೂಬೆ ಚಪ್ಪಲಿಯ ಟೇಪು ನೋಡಿಕೊಂಡ; ತೆರೆದೇ ಉಳಿದ ಕಿಂಡಿಯಿಂದ ಬೀಗ ಅಜ್ಜಿಯ ಲಯವನ್ನೇ ಕಲಿತಿತ್ತು. ಸಮಿತಿಯವರಿಗೆ ಮಾತ್ರ ಹಿಗ್ಗೋ ಹಿಗ್ಗು. ಒಬ್ಬರ ಕೈಯ ಲಯವನ್ನೇ ಗುರುತು ಹಿಡಿಯುವ ಬೀಗ ಎಂದು ಹೊಗಳಿ, ಇನ್ನೆರಡು ವರ್ಷದ ಕೆಲಸಕ್ಕೆ ಒಪ್ಪಿಗೆ ಕೊಟ್ಟರು.

ಅವರನ್ನು ಬೀಳ್ಕೊಟ್ಟು ಬರುವಷ್ಟರಲ್ಲಿ, ತೆರೆದ ಮುಚ್ಚಳ ಕಂಡರಾಗದ ಅಜ್ಜಿ ಅದನ್ನು ಒತ್ತಿ ಮುಚ್ಚಿ, ಬಸ್ಸು ಹಿಡಿದು ಹೊರಟುಹೋಗಿದ್ದಳು. ಬೀಗದ ಕೈ ಒಳಗೇ. ಗೂಬೆ ಸಂಜೆಯವರೆಗೂ ಸ್ವಿಚ್ ಒತ್ತಿದ. ಎಬ್ಬಿಸಲೋ ಬೇಡವೋ ಎಂದು ಅಜ್ಜಿಯ ಬೆರಳು ನಡುವೆ ಅನುಮಾನಿಸುತ್ತದಲ್ಲ, ಆ ತಡವರಿಕೆ ಅವನಿಗೆ ಬರಲಿಲ್ಲ. ಬೆಳಗಾದರೆ ಅಜ್ಜಿ ಬಂದೇ ಬರುತ್ತಾಳೆ ಎಂಬ ನೆಮ್ಮದಿಯಲ್ಲಿ ಕುರ್ಚಿಗೆ ಒರಗಿದ.

ಬೆಳಗ್ಗೆ ದೀಪ ಎರಡು ಸಲ ಮಿಣುಕಿತು. ಪೆಟ್ಟಿಗೆ ಟಕ್ಕೆಂದು ತೆರೆಯಿತು. ಗೂಬೆ ಅಲ್ಲಾಡಲಿಲ್ಲ.

ಪಾಪ, ಎಂದುಕೊಂಡ ಅಜ್ಜಿ ಕತ್ತಲಲ್ಲೇ ಗುಡಿಸಿದಳು. ತನ್ನ ಶಾಲು ಅವನಿಗೆ ಹೊದಿಸಿದಳು. ಸದ್ದಾಗದಂತೆ ಮುಚ್ಚಳ ಮುಚ್ಚಿ ಹೊರಟುಹೋದಳು.