ನಾಲ್ಕು ಮೂಲೆಯ ಹೂಡಿಕೆ

ಜೆರಾಕ್ಸಣ್ಣನಿಗೆ ಶ್ರೀಮಂತನಾಗಬೇಕೆಂಬ ಯೋಚನೆ ಹೊಳೆದದ್ದು ಗಿರಾಕಿಯೊಬ್ಬನ ಜೇಬು ನೋಡಿ. ಅಂಗಡಿಗೆ ಬಂದ ಆ ಮನುಷ್ಯ ಜೇಬಿನಿಂದ ಅಂಗೈಯಗಲದ ರಟ್ಟಿನ ಕಾರ್ಡೊಂದನ್ನು ತೆಗೆದು, "ಇದರದೊಂದು ಕಲರ್ ಕಾಪಿ ಬೇಕು. ಆದರೆ ನೀವು ಮುಟ್ಟಬೇಡಿ, ನಾನೇ ಇಡ್ತೀನಿ" ಎಂದ. ಕಾರ್ಡಿನ ಮೇಲೆ ಫುಟ್ಬಾಲ್ ಒದೆಯುತ್ತಿರುವ ಒಬ್ಬ ಆಟಗಾರನಿದ್ದ.

"ಮಕ್ಕಳ ಆಟದ ಸಾಮಾನಿಗೆ ಇಷ್ಟು ಮಡಿಯಾ?" ಎಂದು ಜೆರಾಕ್ಸಣ್ಣ ನಕ್ಕ.

"ಸಾಮಾನಾ? ಇದನ್ನ ಮಾರಿದ್ರೆ ಒಂದು ಬೈಕ್ ಬರ್ತದೆ ಸ್ವಾಮಿ. ಇವನು ಹೆಸರು ಮಾಡೋಕೆ ಮುಂಚೆ ಬಂದ ಮೊದಲನೇ ಕಾರ್ಡು. ಆಗ ಸುಮ್ನೆ ತೆಗೆದಿಟ್ಟೆ, ಈಗ ಬೆಲೆ ಬಂತು."

ಜೆರಾಕ್ಸಣ್ಣನ ನಗು ಅಲ್ಲೇ ಹೆಪ್ಪುಗಟ್ಟಿತು. (ನಿಜ ಹೇಳಬೇಕೆಂದರೆ ಅವನ ಕೈ ಪಳಗಿದ್ದು ಜೆರಾಕ್ಸಿಗಿಂತ ಲ್ಯಾಮಿನೇಷನ್ನಿನಲ್ಲಿ. ಅವನ ಯಂತ್ರದಿಂದ ಹೊರಬಿದ್ದ ಕಾಗದ ಮಳೆಗೂ ಹೆದರುತ್ತಿರಲಿಲ್ಲ, ಮಕ್ಕಳ ಹಲ್ಲಿಗೂ ಹೆದರುತ್ತಿರಲಿಲ್ಲ. ಆದರೆ ಲ್ಯಾಮಿನೇಷನ್ನಣ್ಣ ಎಂದು ಕರೆಯಲು ಬೀದಿಯವರ ನಾಲಿಗೆ ಹೊರಳಬೇಕಲ್ಲ!)

ಮನೆಯಲ್ಲಿ ಆಗ ವಾಷಿಂಗ್ ಮಷಿನ್ನಿಗೆ ವೃದ್ಧಾಪ್ಯ. ಬಟ್ಟೆ ಹಿಂಡುವ ಹೊತ್ತಿಗೆ ಅದು ಗಡಗಡ ನಡುಗುತ್ತ ಬಚ್ಚಲಿನಿಂದ ಹೊರಟು, ಯಾರಾದರೂ ಬಂದಿದ್ದಾರಾ ಎಂದು ನೋಡುವಂತೆ ನಡುಮನೆಯ ತನಕ ಬಂದುಬಿಡುತ್ತಿತ್ತು. ಹೊಸದನ್ನು ಕೊಳ್ಳಲೆಂದು ಹೆಂಡತಿ ದುಡ್ಡು ಕೂಡಿಟ್ಟಿದ್ದಳು. ಜೆರಾಕ್ಸಣ್ಣನ ಕಣ್ಣು ಬಿದ್ದದ್ದು ಅದರ ಮೇಲೆ.

"ಏನಂದ್ರೀ? ನನ್ನ ಮಷಿನ್ ದುಡ್ಡಲ್ಲಿ ಚೆಂಡಾಡೋರ ಫೋಟೋ ತರ್ತೀರಾ?"

"ಫೋಟೋ ಅಲ್ಲ ಕಣೇ, ಹೂಡಿಕೆ! ಇವತ್ತು ಒಂದು ಮಷಿನ್ ದುಡ್ಡು ಹಾಕಿದ್ರೆ ನಾಳೆ ಎರಡು ಬರ್ತದೆ."

"ನನಗೆ ಎರಡು ಯಾಕೆ? ಒಂದರಲ್ಲಿ ನಿಮ್ಮನ್ನ ಹಾಕಿ ತಿರುಗಿಸ್ಲಾ?"

ಒಳಗೆ ಸೊಪ್ಪು ಸೋಸುತ್ತಿದ್ದ ಅವನ ತಾಯಿ ಕುಲುಕುಲು ನಕ್ಕರು. ಕಡೆಗೆ ಹೆಂಡತಿ ಒಂದು ಷರತ್ತು ಹಾಕಿದಳು. ಹೊಸ ಮಷಿನ್ ಮನೆಗೆ ಬರುವ ತನಕ ಬಟ್ಟೆಯೆಲ್ಲ ಅವನೇ ಒಗೆಯಬೇಕು, ಕೈಯಲ್ಲಿ. "ಅಷ್ಟೇನಾ?" ಎಂದು ಜೆರಾಕ್ಸಣ್ಣ ಎದೆಯುಬ್ಬಿಸಿ ಒಪ್ಪಿಕೊಂಡ. ಅವನು ಆ ತನಕ ಕಂಬಳಿ ಒಗೆದವನಲ್ಲ.

ಆಮೇಲೆ ವಿದ್ಯಾಭ್ಯಾಸ ಶುರುವಾಯಿತು. ಫೋನಿನಲ್ಲಿ ಒಬ್ಬ ಪಂಡಿತ ಕಾರ್ಡುಗಳ ಕುರಿತು ಪಾಠ ಹೇಳುತ್ತಿದ್ದ. ಹೊಸ ಆಟಗಾರರ ಮೊದಲ ಕಾರ್ಡು ಹಿಡಿಯಿರಿ, ನಿಮಗೆ ಗೊತ್ತಿರುವ ಆಟದಿಂದಲೇ ಶುರುಮಾಡಿ, ಕಾರ್ಡಿನ ನಾಲ್ಕು ಮೂಲೆಗಳನ್ನು ನಿಮ್ಮ ಕಣ್ಣಿನ ಹಾಗೆ ನೋಡಿಕೊಳ್ಳಿ. "ಎಲ್ಲಕ್ಕಿಂತ ಮುಖ್ಯ, ಪಾಕೀಟು ಒಡೆದ ಕೂಡಲೇ ಕಾರ್ಡಿಗೆ ಪ್ಲಾಸ್ಟಿಕ್ ರಕ್ಷಣೆ ಕೊಡಿ. ಹೇಗೆಂದರೆ..." ಅಲ್ಲಿಗೆ ಜೆರಾಕ್ಸಣ್ಣ ಫೋನನ್ನು ಮಗುಚಿಟ್ಟ. ಪ್ಲಾಸ್ಟಿಕ್ ರಕ್ಷಣೆಯನ್ನು ಅವನಿಗೆ ಹೇಳಿಕೊಡುವವನು ಇನ್ನೂ ಹುಟ್ಟಿಬರಬೇಕಾಗಿತ್ತು.

ಮಷಿನ್ನಿನ ದುಡ್ಡೆಲ್ಲ, ಒಡೆಯುವ ತನಕ ಒಳಗೆ ಯಾರಿದ್ದಾರೆಂದು ತಿಳಿಯದ ಕಾರ್ಡಿನ ಪಾಕೀಟುಗಳಾಗಿ ಮನೆಗೆ ಬಂತು. ಪಾಕೀಟು ಒಡೆಯುವ ಮುಹೂರ್ತಕ್ಕೆ ಮನೆಯಲ್ಲಿ ಫ್ಯಾನ್ ನಿಂತಿತು. ಒಗ್ಗರಣೆ ಹೊಗೆ ತಾಗೀತೆಂದು ಒಲೆಯೂ ಆರಿತು. ಜೆರಾಕ್ಸಣ್ಣ ಕೈಗವಸು ತೊಟ್ಟು ಆಪರೇಷನ್ ಮಾಡುವವನಂತೆ ಒಂದೊಂದೇ ಕಾರ್ಡು ಎತ್ತಿದ. "ಇವನು ಭವಿಷ್ಯದ ನಕ್ಷತ್ರ! ಇವನು ಮಿಂಚು! ಇವನು... ಥೂ, ಇವನು ಬದಲಿ ಗೋಲ್‌ಕೀಪರ್. ಬೆಂಚು ಬಿಸಿ ಮಾಡೋಕೆ ಇಟ್ಕೊಂಡಿದ್ದಾರೆ." ಆ ಕಾರ್ಡನ್ನು ಕಸದ ಬುಟ್ಟಿಗೆ ಎಸೆಯಲು ಹೊರಟ.

"ತಾಳೋ," ಎಂದರು ತಾಯಿ. "ಪಾಪ, ಎಷ್ಟು ಸಪ್ಪೆ ಮುಖ ಮಾಡ್ಕೊಂಡಿದ್ದಾನೆ. ಯಾರೂ ಆಡಿಸಲ್ವಾ ಇವನನ್ನ?"

"ಆಡಿಸಲ್ಲಮ್ಮ. ನಿಂಗೆ ಬೇಕಾದ್ರೆ ಇಟ್ಕೋ."

ತಾಯಿ ಅದನ್ನು ಪ್ರಾರ್ಥನೆಯ ಪುಸ್ತಕದಲ್ಲಿ ಗುರುತಿಗೆಂದು ಇಟ್ಟುಕೊಂಡರು. ಪ್ರತಿದಿನ ಮನೆಮಂದಿಗೆ ಒಳ್ಳೆಯದಾಗಲಿ ಎಂದು ಬೇಡಿದ ಮೇಲೆ, "ಈ ಹುಡುಗನಿಗೂ ಒಂದ್ಸಲ ಆಡೋಕೆ ಸಿಗಲಪ್ಪಾ" ಎಂದು ಸೇರಿಸಿ ಪುಸ್ತಕ ಮುಚ್ಚುತ್ತಿದ್ದರು.

ಉಳಿದ ನಕ್ಷತ್ರಗಳು, ಮಿಂಚುಗಳು ಎಲ್ಲ ಅಂಗಡಿಗೆ ಹೋದವು. ಜೆರಾಕ್ಸಣ್ಣ ಇರುವುದರಲ್ಲೇ ದಪ್ಪನೆಯ ಹಾಳೆ ಆರಿಸಿ, ಒಬ್ಬೊಬ್ಬರನ್ನೂ ಬಿಸಿ ಯಂತ್ರದೊಳಗೆ ಕಳಿಸಿ ಲ್ಯಾಮಿನೇಷನ್ ಮಾಡಿದ. ಅಷ್ಟಕ್ಕೆ ಬಿಟ್ಟನೇ? ಮೂಲೆಗಳನ್ನು ಕಣ್ಣಿನ ಹಾಗೆ ನೋಡಿಕೊಳ್ಳಬೇಕಲ್ಲ! ಗುರುತಿನ ಚೀಟಿಯ ಮೂಲೆ ಕತ್ತರಿಸುವ ಯಂತ್ರದಲ್ಲಿ ಪ್ರತಿಯೊಂದನ್ನೂ ಕಚಕಚನೆ ಗುಂಡಗೆ ಮಾಡಿದ. ಕೆಲಸ ಎಷ್ಟು ಚೆನ್ನಾಗಿ ಬಂತೆಂದರೆ, ತನ್ನ ಕೈಗೆ ತಾನೇ ಮುತ್ತು ಕೊಡಬೇಕೆನಿಸಿತು.

ತಿಂಗಳುಗಳು ಉರುಳಿದವು. ಜೆರಾಕ್ಸಣ್ಣ ಒಗೆದ. ಅಂಗಿ ಒಗೆದ, ಪರದೆ ಒಗೆದ. ಕಾಲರಿನ ಕೊಳೆ ಎಂಬುದು ಎಂಥ ಹಟಮಾರಿ ಪ್ರಾಣಿ ಎಂದು ತಿಳಿದುಕೊಂಡ. "ಹೂಡಿಕೆದಾರರೇ, ಕಾಲುಚೀಲ ಮರೆತಿದ್ದೀರಿ" ಎಂದು ಹೆಂಡತಿ ಬಚ್ಚಲ ಬಾಗಿಲಲ್ಲಿ ನಿಂತು ನೆನಪಿಸುತ್ತಿದ್ದಳು. ಅತ್ತೆಯ ಹತ್ತಿರ ಹೋಗಿ, "ಅತ್ತೆ, ನಿಮ್ಮ ಮಗ ಮಷಿನ್ನಿಗಿಂತ ಬೆಳ್ಳಗೆ ಒಗೀತಾರೆ" ಎಂದು ಪಿಸುಗುಟ್ಟಿದ್ದೂ ಉಂಟು.

ಕಂಬಳಿಗಳ ಸರದಿ ಬಂದ ದಿನ ಜೆರಾಕ್ಸಣ್ಣನ ತಾಳ್ಮೆಯ ಕಟ್ಟೆಯೊಡೆಯಿತು. ಹಿಂದಿನ ದಿನವಷ್ಟೇ ದೊಡ್ಡ ಕಪ್ಪಿನ ಫೈನಲ್ ಮುಗಿದಿತ್ತು. ಕಾರ್ಡುಗಳ ಡಬ್ಬಿಯನ್ನು ಎದೆಗವಚಿಕೊಂಡು ಕಾರ್ಡಿನ ವ್ಯಾಪಾರಿಯ ಅಂಗಡಿಗೆ ನಡೆದ.

ವ್ಯಾಪಾರಿ ಮೊದಲನೆಯ ಕಾರ್ಡನ್ನು ಎತ್ತಿ, ಬಗ್ಗಿಸಲು ನೋಡಿ, ಮೇಜಿನ ಮೇಲೆ ಟಕಟಕ ಬಡಿದ. "ಏನ್ರೀ ಇದು?"

"ಲ್ಯಾಮಿನೇಷನ್! ನೀರಲ್ಲಿ ನೆನೆಹಾಕಿದ್ರೂ ಏನಾಗಲ್ಲ."

"ಮೂಲೆಗಳೆಲ್ಲಿ?"

"ಚುಚ್ಚುತಿದ್ವು. ಗುಂಡಗೆ ಮಾಡ್ದೆ."

ವ್ಯಾಪಾರಿ ಮೆಲ್ಲಗೆ ಕುರ್ಚಿಯಲ್ಲಿ ಕುಳಿತು ನೀರು ಕುಡಿದ. "ಎಲ್ಲದಕ್ಕೂ ಹೀಗೇ ಮಾಡಿದ್ದೀರಾ?"

"ಒಂದನ್ನೂ ಬಿಟ್ಟಿಲ್ಲ!"

"ಅಯ್ಯೋ ಪುಣ್ಯಾತ್ಮ! ಚೂಪಾದ ಮೂಲೆಗೇ ಕಣ್ರೀ ಬೆಲೆ. ಸಡಿಲವಾದ ಪ್ಲಾಸ್ಟಿಕ್ ಕವರಿನೊಳಗೆ ಜಾರಿಸಿಟ್ಟಿದ್ರೆ ಸಾಕಾಗಿತ್ತು. ಬಿಸಿ ಮಾಡಿ ಅಂಟಿಸಿದ್ದನ್ನ ಯಾರು ಕೊಳ್ತಾರೆ? ಕಾಫಿ ಲೋಟದ ಕೆಳಗೆ ಇಟ್ಕೊಳ್ಳಿ." ಆಮೇಲೆ ಅವನಿಗೇ ಕನಿಕರ ಬಂತು. "ಹೋಗ್ಲಿ, ಈ ಪಾಕೀಟುಗಳಲ್ಲಿ ಒಬ್ಬ ಬದಲಿ ಗೋಲ್‌ಕೀಪರ್ ಬರ್ತಿದ್ದ. ನಿನ್ನೆ ಮುಖ್ಯ ಗೋಲ್‌ಕೀಪರ್ ಕಾಲು ಉಳುಕಿಸಿಕೊಂಡ, ಇವನು ಒಳಗೆ ಬಂದು ಪೆನಾಲ್ಟಿಗಳನ್ನೆಲ್ಲ ಹಾರಿ ಹಾರಿ ಹಿಡಿದು ಕಪ್ಪು ಗೆಲ್ಲಿಸಿದ. ಅವನ ಕಾರ್ಡು ಇದ್ರೆ ಈಗಲೇ ತಗೊಳ್ತೀನಿ."

ವ್ಯಾಪಾರಿ ಬೆಲೆ ಹೇಳಿದ. ಜೆರಾಕ್ಸಣ್ಣನ ಕಣ್ಣೆದುರು ಹೊಚ್ಚಹೊಸ ವಾಷಿಂಗ್ ಮಷಿನ್ ಗಿರಗಿರನೆ ತಿರುಗಿತು.

ಅವನು ಮನೆಗೆ ಓಡಿಬಂದದ್ದಲ್ಲ, ಹಾರಿಬಂದದ್ದು. ನಡೆದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿ, "ಅಮ್ಮಾ, ಪುಸ್ತಕ!" ಎಂದ.

ತಾಯಿ ಪುಸ್ತಕ ತೆರೆದರು. ಗೋಲ್‌ಕೀಪರ್ ಹಾಳೆಗಳ ನಡುವೆ ಹಾಯಾಗಿ ಮಲಗಿದ್ದ, ನಾಲ್ಕು ಮೂಲೆಯೂ ಸೂಜಿಯ ಮೊನೆಯ ಹಾಗೆ.

"ಗೆದ್ದನಾ?" ಎಂದರು ತಾಯಿ. ಅವರ ಕಣ್ಣು ತುಂಬಿಬಂತು. "ಗೆದ್ದನಾ ನನ್ನ ಕಂದ?"

"ಗೆದ್ದನಮ್ಮ, ಕೊಡು, ಮಾರ್ಕೊಂಡು ಬರ್ತೀನಿ."

"ಮಾರೋದಾ? ದಿನಾ ಇವನಿಗೋಸ್ಕರ ಕೈಮುಗಿದಿದ್ದೀನಿ ಕಣೋ. ಕಷ್ಟದಲ್ಲಿ ಜೊತೆಗಿದ್ದು, ಒಳ್ಳೇ ಕಾಲ ಬಂದಾಗ ಮಾರಿಬಿಡೋದಾ?"

ಜೆರಾಕ್ಸಣ್ಣ ಹೆಂಡತಿಯ ಕಡೆ ತಿರುಗಿದ. "ನೀನಾದ್ರೂ ಹೇಳೇ! ನಿನ್ನ ಮಷಿನ್!"

ಹೆಂಡತಿ ಹಗ್ಗದ ಮೇಲೆ ಹಾಲಿನಂತೆ ಹೊಳೆಯುತ್ತಿದ್ದ ಅಂಗಿಗಳನ್ನು ನೋಡಿದಳು, ಗಂಡನನ್ನು ನೋಡಿದಳು. "ಅತ್ತೆ ಮಾತು ಮೀರೋಕಾಗುತ್ತಾ? ಇರೋ ಮಷಿನ್ನು ಚೆನ್ನಾಗೇ ಓಡ್ತಿದೆ. ಕರೆಂಟೂ ತಿನ್ನಲ್ಲ."

ಆ ವಾರವೆಲ್ಲ ಜೆರಾಕ್ಸಣ್ಣನಿಗೆ ಎಲ್ಲಿಲ್ಲದ ಭಕ್ತಿ ಬಂತು. ತಾಯಿ ಪ್ರಾರ್ಥನೆಗೆ ಕೂತರೆ ಪಕ್ಕದಲ್ಲೇ ಕೂರುವ, ಪುಸ್ತಕದ ಹಾಳೆ ತಾನೇ ತಿರುವುವ, ಕಣ್ಣು ಮುಚ್ಚು ಎಂದರೆ ಒಂದೇ ಕಣ್ಣು ಮುಚ್ಚುವ. ತಾಯಿ ಎಲ್ಲವನ್ನೂ ನೋಡಿದರು. ಒಂದು ಬೆಳಗ್ಗೆ ಪುಸ್ತಕ ಹಿಡಿದು ನೇರ ಅವನ ಅಂಗಡಿಗೇ ಬಂದರು.

"ಲ್ಯಾಮಿನೇಷನ್ ಆದ್ರೆ ಯಾರೂ ಕೊಳ್ಳಲ್ಲ ಅಂದಿದ್ದೆಯಲ್ಲ, ನಿಜಾನೇನೋ?"

"ನಿಜಾನಮ್ಮ," ಎಂದ ಜೆರಾಕ್ಸಣ್ಣ ನಿಟ್ಟುಸಿರಿಟ್ಟು.

ತಾಯಿ ಗೋಲ್‌ಕೀಪರನನ್ನು ಮೇಜಿನ ಮೇಲಿಟ್ಟರು. "ಹಾಗಾದ್ರೆ ಇವನಿಗೊಂದು ಮಾಡಿಬಿಡು. ನಿನಗೂ ನೆಮ್ಮದಿ, ನನಗೂ ನೆಮ್ಮದಿ."

"ಅಮ್ಮಾ!"

"ದಪ್ಪದ್ದು ಹಾಕು. ಹಾಂ, ಮೂಲೆ ಗುಂಡಗೆ ಮಾಡೋದು ಮರೀಬೇಡ, ಹಾಳೆ ಹರೀತವೆ."

ಜೆರಾಕ್ಸಣ್ಣ ಕೈಗವಸು ಹಾಕಿಕೊಳ್ಳಲಿಲ್ಲ. ಯಂತ್ರ ಬಿಸಿಯಾಯಿತು, ಹಸಿರು ದೀಪ ಹತ್ತಿತು, ಗೋಲ್‌ಕೀಪರ್ ಒಂದು ಕಡೆಯಿಂದ ಒಳಗೆ ಹೋಗಿ ಇನ್ನೊಂದು ಕಡೆಯಿಂದ ಹೊಳೆಹೊಳೆಯುತ್ತ ಹೊರಬಂದ. ಒಂದು ಗುಳ್ಳೆಯಿಲ್ಲ, ಒಂದು ಸುಕ್ಕಿಲ್ಲ. ಅವನು ಜೀವಮಾನದಲ್ಲಿ ಅಷ್ಟು ಚೆಂದದ ಲ್ಯಾಮಿನೇಷನ್ ಮಾಡಿರಲಿಲ್ಲ.

ತಾಯಿ ಕಾರ್ಡನ್ನು ಕಣ್ಣಿಗೊತ್ತಿಕೊಂಡು ಪುಸ್ತಕದೊಳಗೆ ಇಟ್ಟರು. ಮೆಟ್ಟಿಲಿಳಿಯುವಾಗ ಏನೋ ನೆನಪಾದಂತೆ ತಿರುಗಿದರು.

"ಮಧ್ಯಾಹ್ನ ಬೇಗ ಬಾರೋ. ಕಂಬಳಿ ನೆನೆಹಾಕಿದ್ದಾಳೆ."